ಅಥೆನ್ಸ್‌ನಿಂದ ಸ್ಯಾಂಟೊರಿನಿಗೆ ಫೆರ್ರಿ: ದೊಡ್ಡ ಹಡಗೋ, ವೇಗದ ಹಡಗೋ?

ಬೇಸಿಗೆಯಲ್ಲಿ ಅಥೆನ್ಸ್‌ನಿಂದ ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ಟಿಕೆಟ್ ಹುಡುಕಲು ಕೂತರೆ ಒಂದೇ ದಿನಕ್ಕೆ ಹಲವು ಹಡಗುಗಳು ಪರದೆಯ ಮೇಲೆ ಸಾಲುಗಟ್ಟಿ ನಿಲ್ಲುತ್ತವೆ. ಒಂದು ಐದು ಗಂಟೆಯಲ್ಲಿ ಮುಟ್ಟಿಸುತ್ತದೆ, ಇನ್ನೊಂದಕ್ಕೆ ಎಂಟು ಗಂಟೆ ಬೇಕು. ಬೇಗ ಹೋಗುವುದಕ್ಕೆ ದುಡ್ಡು ಜಾಸ್ತಿ, ನಿಧಾನದ್ದಕ್ಕೆ ಕಡಿಮೆ. ಬಹಳ ಮಂದಿ ಈ ಎರಡು ಅಂಕಿಗಳನ್ನಷ್ಟೇ ನೋಡಿ, ಮೂರು ಗಂಟೆ ಉಳಿಯುತ್ತದಲ್ಲ ಎಂದು ವೇಗದ ಹಡಗನ್ನೇ ಹಿಡಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಈ ದಾರಿಯಲ್ಲಿ ಹಡಗು ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಆ ವಾರ ಏಜಿಯನ್ ಸಮುದ್ರದಲ್ಲಿ ಗಾಳಿ ಹೇಗಿರುತ್ತದೆ? ದ್ವೀಪ ಹತ್ತಿರವಾಗುವ ಹೊತ್ತಿಗೆ ಹೊರಗೆ ಡೆಕ್ ಮೇಲೆ ನಿಂತು ನೋಡಲು ಆಗುತ್ತದೆಯೇ? ಇವೆರಡಕ್ಕೆ ಉತ್ತರ ಸಿಕ್ಕರೆ ಸಮಯ, ದರ ಎಲ್ಲ ತಾವಾಗಿಯೇ ಸರಿಹೊಂದುತ್ತವೆ.

ಮೊದಲು ದಾರಿಯ ಪರಿಚಯ. ಅಥೆನ್ಸ್‌ನ ಮುಖ್ಯ ಬಂದರು ಪಿರೇಯಸ್. ನಗರದ ನಡುಭಾಗದಿಂದ ಹತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಸ್ಯಾಂಟೊರಿನಿಗೆ ಸಮುದ್ರದ ಮೇಲೆ ಸುಮಾರು 130 ನಾಟಿಕಲ್ ಮೈಲಿ, ಅಂದರೆ 240 ಕಿಲೋಮೀಟರ್. ನಡುವೆ ಸಿಕ್ಲಡೀಸ್ ದ್ವೀಪಗಳ ಗುಂಪು. ಹೆಚ್ಚಿನ ಹಡಗುಗಳು ಪಾರೋಸ್, ನಾಕ್ಸೊಸ್‌ಗಳಲ್ಲಿ ನಿಂತು ಮುಂದೆ ಹೋಗುತ್ತವೆ, ಕೆಲವು ಐಯೊಸ್‌ನಲ್ಲೂ ನಿಲ್ಲುತ್ತವೆ. ಸ್ಯಾಂಟೊರಿನಿಯ ಅಧಿಕೃತ ಹೆಸರು ಥಿರಾ. ಟಿಕೆಟ್‌ನಲ್ಲಿ, ಹಡಗಿನೊಳಗಿನ ಬೋರ್ಡುಗಳಲ್ಲಿ ಆ ಹೆಸರು ಕಂಡರೆ ಗಾಬರಿಯಾಗಬೇಡಿ.

ದೊಡ್ಡ ಹಡಗು

ಕಾರು, ಲಾರಿ, ಬೈಕು, ಎರಡು ಸಾವಿರ ಜನ, ಎಲ್ಲವನ್ನೂ ಹೊಟ್ಟೆಯೊಳಗೆ ತುಂಬಿಕೊಂಡು ಹೋಗುವ ಸಾಂಪ್ರದಾಯಿಕ ಫೆರ್ರಿ ಇದು. ಈ ಮಾರ್ಗದಲ್ಲಿ ಹೆಚ್ಚು ಕಾಣುವುದು ಬ್ಲೂ ಸ್ಟಾರ್ ಕಂಪನಿಯ ಹಡಗುಗಳು. ಉದಾಹರಣೆಗೆ 2011ರಲ್ಲಿ ದಕ್ಷಿಣ ಕೊರಿಯಾದಲ್ಲಿ ಕಟ್ಟಿದ ಬ್ಲೂ ಸ್ಟಾರ್ ಡೆಲೋಸ್ 145 ಮೀಟರ್ ಉದ್ದದ್ದು, ಸುಮಾರು 2,400 ಪ್ರಯಾಣಿಕರನ್ನು ಹೊರಬಲ್ಲದು. ಬೆಳಗಿನ ಹಡಗು ಏಳೂವರೆಯ ಸುಮಾರಿಗೆ ಪಿರೇಯಸ್ ಬಿಟ್ಟು ಮಧ್ಯಾಹ್ನ ಮೂರರ ಆಸುಪಾಸಿಗೆ ಸ್ಯಾಂಟೊರಿನಿ ಸೇರುತ್ತದೆ. ಎಕಾನಮಿ ಟಿಕೆಟ್ಟಿಗೆ 50 ಯೂರೋ ಆಸುಪಾಸು. ಋತು ನೋಡಿಕೊಂಡು ಸ್ವಲ್ಪ ಏರಿಳಿತ ಇರುತ್ತದೆ.

ಎಕಾನಮಿ ಎಂದರೆ ನಿಗದಿತ ಸೀಟು ಇಲ್ಲ, ಸಿಕ್ಕಲ್ಲಿ ಕೂರಬೇಕು. ಬೇಗ ಹತ್ತಿದವರಿಗೆ ಸೋಫಾ, ಮೇಜು, ಕಿಟಕಿಯ ಪಕ್ಕದ ಜಾಗ. ತಡವಾಗಿ ಬಂದವರಿಗೆ ಹೊರಗಿನ ಪ್ಲಾಸ್ಟಿಕ್ ಕುರ್ಚಿ. ಬೇಸಿಗೆಯಲ್ಲಿ ಹೊರಗಿನ ಕುರ್ಚಿಯೇ ಒಳ್ಳೆಯದು, ಆದರೆ ನೆರಳಿರುವ ಕಡೆ ಹಿಡಿಯಿರಿ. ಎಂಟು ಗಂಟೆಯ ಬಿಸಿಲನ್ನು ಗಾಳಿ ಮರೆಮಾಚುತ್ತದೆ, ಸಂಜೆಗೆ ಮುಖದ ಚರ್ಮ ಸುಲಿಯುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕೆಲವೇ ಯೂರೋ ಹೆಚ್ಚು ಕೊಟ್ಟು ನಂಬರ್ ಇರುವ ಸೀಟು ತೆಗೆದುಕೊಳ್ಳಿ. ಜಾಗಕ್ಕಾಗಿ ಓಡುವ ಕಷ್ಟ ತಪ್ಪುತ್ತದೆ, ಬೇಕಾದಾಗ ಎದ್ದು ಹೊರಗೆ ಹೋಗಿ ಬರಬಹುದು. ಊಟ, ತಿಂಡಿ ಹಡಗಿನಲ್ಲೇ ಸಿಗುತ್ತದೆ. ಪಾಲಕ್ ಮತ್ತು ಫೆಟಾ ಚೀಸ್ ತುಂಬಿದ ಸ್ಪನಕೋಪಿಟಾ, ಬರೀ ಚೀಸ್ ತುಂಬಿದ ತಿರೋಪಿಟಾ ಸಸ್ಯಾಹಾರಿಗಳಿಗೂ ಆಗುತ್ತದೆ. ಮನೆಯವರೆಲ್ಲ ಹೋಗುವುದಾದರೆ ಹಣ್ಣು, ಬ್ರೆಡ್ಡು, ನೀರು ಒಯ್ಯಿರಿ. ಯಾರೂ ಬೇಡ ಅನ್ನುವುದಿಲ್ಲ.

ಈ ಹಡಗಿನ ಎಂಟು ಗಂಟೆ ಬೇಸರದ ಎಂಟು ಗಂಟೆಯಲ್ಲ. ಪಿರೇಯಸ್ ಬಿಟ್ಟ ಮೇಲೆ ಅಥೆನ್ಸ್ ಸುತ್ತಲಿನ ಅಟ್ಟಿಕಾ ಪ್ರದೇಶದ ತೀರ ಎಡಗಡೆ ಹಿಂದೆ ಸರಿಯುತ್ತಾ ಹೋಗುತ್ತದೆ. ಹವೆ ತಿಳಿಯಾಗಿದ್ದರೆ ಸೂನಿಯನ್ ಭೂಶಿರದ ತುದಿಯಲ್ಲಿ ಕ್ರಿ.ಪೂ. 5ನೇ ಶತಮಾನದ ಪೊಸೈಡನ್ ದೇಗುಲದ ಕಂಬಗಳು ದೂರದಲ್ಲಿ ಬೆಳ್ಳಗೆ ಕಾಣುತ್ತವೆ. ನಾಕ್ಸೊಸ್‌ನಲ್ಲಿ ಹಡಗು ದಡಕ್ಕೆ ಬರುವಾಗ ತಪ್ಪದೆ ಹೊರಗೆ ಬನ್ನಿ. ಬಂದರಿನ ಬಾಯಲ್ಲೇ, ಪುಟ್ಟ ದಿಬ್ಬದ ಮೇಲೆ, ಅಮೃತಶಿಲೆಯ ದೊಡ್ಡದೊಂದು ಬಾಗಿಲ ಚೌಕಟ್ಟು ಒಂಟಿಯಾಗಿ ನಿಂತಿದೆ. ಕ್ರಿ.ಪೂ. 6ನೇ ಶತಮಾನದಲ್ಲಿ ಶುರುವಾಗಿ ಎಂದೂ ಮುಗಿಯದ ಅಪೊಲೊ ದೇಗುಲದ ಬಾಗಿಲು ಅದು. ಗೋಡೆಯಿಲ್ಲ, ಚಾವಣಿಯಿಲ್ಲ, ಬಾಗಿಲು ಮಾತ್ರ ಉಳಿದಿದೆ. ಟಿಕೆಟ್ಟಿನ ದುಡ್ಡಿನಲ್ಲೇ ಇದನ್ನೂ ನೋಡಿದಂತಾಗುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಕೊನೆಯ ಮುಕ್ಕಾಲು ಗಂಟೆ.

ಸುಮಾರು 3,600 ವರ್ಷಗಳ ಹಿಂದೆ ಇಲ್ಲಿದ್ದ ಜ್ವಾಲಾಮುಖಿ ಭೀಕರವಾಗಿ ಸಿಡಿಯಿತು. ಒಳಗಿನ ಶಿಲಾರಸ ಖಾಲಿಯಾಗಿ ದ್ವೀಪದ ನಡುಭಾಗ ಕುಸಿಯಿತು, ಆ ಕುಳಿಗೆ ಸಮುದ್ರ ನುಗ್ಗಿತು. ಇವತ್ತು ನಾವು ಸ್ಯಾಂಟೊರಿನಿ ಎನ್ನುವುದು ಆ ಕುಳಿಯ ಅಂಚು. ಕುಳಿಯ ಉದ್ದ ಹನ್ನೆರಡು ಕಿಲೋಮೀಟರ್, ಅಗಲ ಏಳು, ಆಳ ಮುನ್ನೂರು ಮೀಟರಿಗೂ ಹೆಚ್ಚು. ಉತ್ತರದಿಂದ ಬರುವ ಹಡಗು ಎಡಕ್ಕೆ ಇಯಾ ಊರು, ಬಲಕ್ಕೆ ಥಿರಾಸಿಯಾ ದ್ವೀಪ, ಇವುಗಳ ನಡುವಿನ ಸಂದಿನಿಂದ ನೇರವಾಗಿ ಜ್ವಾಲಾಮುಖಿಯ ಬಾಯೊಳಗೆ ಹೋಗುತ್ತದೆ. ಎಂಜಿನ್ನಿನ ಸದ್ದು ತಗ್ಗುತ್ತದೆ. ಎಡಗಡೆ ಮುನ್ನೂರು ಮೀಟರ್ ಎತ್ತರದ ಬಂಡೆಯ ಗೋಡೆ: ಕಪ್ಪು ಲಾವಾದ ಪದರ, ಅದರ ಮೇಲೆ ಇಟ್ಟಿಗೆ ಕೆಂಪು, ಅದರ ಮೇಲೆ ಬೂದು, ತುತ್ತತುದಿಯಲ್ಲಿ ಆ ಮಹಾಸ್ಫೋಟದಲ್ಲಿ ಹಾರಿಬಿದ್ದ ಹಗುರ ಕಲ್ಲು ಪ್ಯೂಮಿಸ್‌ನ ಬಿಳಿ ಪುಡಿ. ಪ್ಯೂಮಿಸ್‌ಗೂ ಮೇಲೆ ಇನ್ನೊಂದು ಬಿಳಿ ಗೆರೆ, ಅದು ಮನೆಗಳದ್ದು. ಬಲಗಡೆ, ಕುಳಿಯ ನಟ್ಟನಡುವೆ, ಹುಲ್ಲುಕಡ್ಡಿಯೂ ಕಾಣದಂಥ ಕರಿಗಲ್ಲಿನ ನೇಯಾ ಕಮೇನಿ. ಅದು ಜ್ವಾಲಾಮುಖಿಯೇ ಆಮೇಲೆ ಸಮುದ್ರದಿಂದ ಎತ್ತಿದ ದ್ವೀಪ, ಕೊನೆಯ ಬಾರಿ ಲಾವಾ ಉಗುಳಿದ್ದು 1950ರಲ್ಲಿ.

ಈ ಗೋಡೆ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬಂದರೆ ಅದು ನೆರಳಿನಲ್ಲಿ ಕಪ್ಪಾಗಿ ಕಾಣುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಬಿಸಿಲು ನೇರವಾಗಿ ಬಿದ್ದು ಒಂದೊಂದು ಪದರವೂ ಬಿಡಿಸಿಟ್ಟಂತೆ ಕಾಣುತ್ತದೆ. ಬೆಳಗಿನ ದೊಡ್ಡ ಹಡಗು ಸರಿಯಾಗಿ ಆ ಹೊತ್ತಿಗೇ ಒಳಗೆ ಬರುತ್ತದೆ. ಮೇಲಿನ ಡೆಕ್ಕಿನ ಎಡಬದಿಯ ಕಂಬಿಯ ಹತ್ತಿರ ಅರ್ಧ ಗಂಟೆ ಮೊದಲೇ ಜಾಗ ಹಿಡಿದುಕೊಳ್ಳಿ. ಮೊದಲ ಸಲ ಹೋಗುವವರಿಗೆ ನಾನು ಬೇರೆ ಯಾವ ಹಡಗನ್ನೂ ಹೇಳುವುದಿಲ್ಲ.

ಸಂಜೆ ಹೊರಡುವ ದೊಡ್ಡ ಹಡಗೂ ಉಂಟು. ಅದು ಮುಟ್ಟುವ ಹೊತ್ತಿಗೆ ಮಧ್ಯರಾತ್ರಿ ಮೀರಿರುತ್ತದೆ. ಕ್ಯಾಬಿನ್‌ನಲ್ಲಿ ಮಲಗಿ ಬರಬಹುದು ನಿಜ, ಕುಳಿ ಮಾತ್ರ ಕತ್ತಲಲ್ಲಿ ದಾಟಿಹೋಗುತ್ತದೆ. ಎರಡನೇ ಸಲ ಹೋಗುವವರಿಗೆ ಅಡ್ಡಿಯಿಲ್ಲ.

ವೇಗದ ಹಡಗು

ಎರಡು ಒಡಲಿನ ಅಲ್ಯೂಮಿನಿಯಂ ಕ್ಯಾಟಮರಾನ್‌ಗಳು ಇವು. ಸೀಜೆಟ್ಸ್ ಮೊದಲಾದ ಕಂಪನಿಗಳು ಓಡಿಸುತ್ತವೆ. ನಾಲ್ಕೂವರೆಯಿಂದ ಐದೂವರೆ ಗಂಟೆ, 80ರಿಂದ 90 ಯೂರೋ. ಎಲ್ಲರಿಗೂ ನಂಬರ್ ಸೀಟು, ಎಸಿ, ಗಾಜಿನ ಕಿಟಕಿ. ಈ ಮಾರ್ಗದಲ್ಲಿ ಹೆಸರುಮಾಡಿದ ವರ್ಲ್ಡ್ ಚಾಂಪಿಯನ್ ಜೆಟ್ ಮೊದಲು ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪಕ್ಕೆ ಓಡಾಡಿಕೊಂಡಿದ್ದ ಹಡಗು. 2000ರಲ್ಲಿ ಆಸ್ಟ್ರೇಲಿಯಾದ ಕಾರ್ಖಾನೆಯಿಂದ ಡೆನ್ಮಾರ್ಕಿಗೆ ಹೊರಟ ಚೊಚ್ಚಲ ಪಯಣದಲ್ಲೇ 24 ಗಂಟೆಯಲ್ಲಿ 1,063 ನಾಟಿಕಲ್ ಮೈಲಿ ಓಡಿ ದಾಖಲೆ ಮಾಡಿತ್ತು. ವೇಗದ ವಿಚಾರದಲ್ಲಿ ಇವುಗಳಿಗೆ ಯಾವ ಕೊರತೆಯೂ ಇಲ್ಲ.

ಕೊರತೆ ಇರುವುದು ಹೊರಗೆ ನಿಲ್ಲುವ ಜಾಗಕ್ಕೆ. ಕೆಲವು ಕ್ಯಾಟಮರಾನ್‌ಗಳಲ್ಲಿ ಹಿಂಭಾಗದಲ್ಲಿ ಚಿಕ್ಕದೊಂದು ಡೆಕ್ ಇರುತ್ತದೆ, ಕೆಲವುಗಳಲ್ಲಿ ಓಡುವಾಗ ಅದೂ ಮುಚ್ಚಿರುತ್ತದೆ. ಉಪ್ಪುನೀರು ಒಣಗಿ ಮಬ್ಬಾದ ಗಾಜಿನ ಆಚೆ ಕುಳಿಯ ಗೋಡೆ ಸರಿದು ಹೋಗುವುದನ್ನು ಕೂತಲ್ಲಿಂದಲೇ ನೋಡಬೇಕು. ಅಷ್ಟು ದೂರ ಬಂದು ಅದನ್ನು ಹೀಗೆ ನೋಡುವುದೆಂದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಾಗಂತ ಇವು ಬೇಡವೇ ಬೇಡ ಅನ್ನುವ ಹಾಗಿಲ್ಲ. ಸ್ಯಾಂಟೊರಿನಿಯಲ್ಲಿ ಕಳೆಯಲು ಒಂದೇ ಒಂದು ಸಂಜೆ ಇದ್ದರೆ, ಸಮುದ್ರ ಶಾಂತವಾಗಿದ್ದರೆ, ಪುಟ್ಟ ಮಗುವನ್ನು ಎಂಟು ಗಂಟೆ ಸುಮ್ಮನೆ ಕೂರಿಸುವುದು ಅಸಾಧ್ಯವೆಂದು ಗೊತ್ತಿದ್ದರೆ ಇದನ್ನೇ ಹಿಡಿಯಿರಿ. ವಾಪಸು ಬರುವಾಗಲೂ ಇದು ಒಳ್ಳೆಯ ಆಯ್ಕೆ. ಚಳಿಗಾಲದಲ್ಲಿ ಮಾತ್ರ ಇವುಗಳ ಮೇಲೆ ಲೆಕ್ಕ ಹಾಕಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಹುತೇಕ ನಿಂತುಹೋಗುತ್ತವೆ, ವರ್ಷವಿಡೀ ದ್ವೀಪವನ್ನು ಹೊರಗಿನ ಲೋಕಕ್ಕೆ ಕಟ್ಟಿಹಾಕುವುದು ದೊಡ್ಡ ಹಡಗೇ. 2025ರ ಫೆಬ್ರವರಿಯಲ್ಲಿ ಸ್ಯಾಂಟೊರಿನಿ ಮತ್ತು ಅಮೋರ್ಗೊಸ್ ನಡುವಿನ ಸಮುದ್ರತಳದಲ್ಲಿ ಸಾಲುಸಾಲು ಭೂಕಂಪಗಳಾಗಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕೆಲವೇ ದಿನಗಳಲ್ಲಿ ದ್ವೀಪ ಬಿಟ್ಟರು. ಆಗ ಕಾರು, ಮಕ್ಕಳು, ಸಾಮಾನು ಸಮೇತ ಜನ ರಾತ್ರೋರಾತ್ರಿ ಸಾಲು ನಿಂತದ್ದೂ ಇಂಥ ದೊಡ್ಡ ಹಡಗುಗಳ ಮುಂದೆಯೇ.

ಗಾಳಿಯ ಮಾತು

ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಉತ್ತರದಿಂದ ಮೆಲ್ತೆಮಿ ಎಂಬ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ, ಅಥೆನ್ಸ್‌ನಲ್ಲಿ ಎಲೆ ಅಲ್ಲಾಡುವುದಿಲ್ಲ, ಆದರೆ ಸಿಕ್ಲಡೀಸ್ ನಡುವೆ ಸಮುದ್ರದ ತುಂಬ ಬಿಳಿ ನೊರೆ. ಶುರುವಾದರೆ ದಿನಗಟ್ಟಲೆ ಬೀಸುತ್ತದೆ. ಆದ್ದರಿಂದ ಕಿಟಕಿಯಾಚೆಯ ಬಿಸಿಲು ನೋಡಿ ಸಮುದ್ರ ಶಾಂತವಾಗಿದೆ ಎಂದುಕೊಳ್ಳಬೇಡಿ. ಗಾಳಿಯ ಮುನ್ಸೂಚನೆ ತೋರಿಸುವ ಯಾವುದಾದರೂ ಆಪ್‌ನಲ್ಲಿ ಪಾರೋಸ್, ನಾಕ್ಸೊಸ್ ಸುತ್ತಲಿನ ಬೋಫರ್ಟ್ ಅಂಕಿ, ಅಂದರೆ ಗಾಳಿಯ ಬಲ ಅಳೆಯುವ ಅಂಕಿ ನೋಡಿ.

ಅಂಕಿ 4ರವರೆಗೆ ಯಾವ ಹಡಗಾದರೂ ಸರಿ. 5 ಮುಟ್ಟಿದರೆ ಹೊಟ್ಟೆ ತೊಳಸುವ ಸ್ವಭಾವದವರು ಕ್ಯಾಟಮರಾನ್ ಬಿಡುವುದು ಕ್ಷೇಮ. 6 ಎಂದರೆ ಗಂಟೆಗೆ 39ರಿಂದ 49 ಕಿಲೋಮೀಟರ್ ಗಾಳಿ. ಈ ಹೊತ್ತಿಗೆ ಹಗುರ ಹಡಗು ಅಲೆಯ ಮೇಲೆ ಹತ್ತಿ ದಬಕ್ಕನೆ ಬೀಳುತ್ತಾ ಅಡ್ಡಕ್ಕೂ ಜಗ್ಗುತ್ತಾ ಓಡುತ್ತದೆ. ಸಿಬ್ಬಂದಿ ಸಾಲಿನ ನಡುವೆ ಕಾಗದದ ಚೀಲ ಹಂಚಿಕೊಂಡು ಬರುತ್ತಾರೆ, ಯಾರೋ ಒಬ್ಬರಿಗೆ ವಾಂತಿಯಾದರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಉಳಿದವರಿಗೂ ಶುರುವಾಗುತ್ತದೆ. ಅದೇ ಅಲೆಯಲ್ಲಿ ದೊಡ್ಡ ಹಡಗು ಭಾರಕ್ಕೂ ನೀರೊಳಗಿನ ಸ್ಥಿರಕ ರೆಕ್ಕೆಗಳಿಗೂ ನಿಧಾನವಾಗಿ ತೂಗುತ್ತದೆ, ಸಹಿಸಿಕೊಳ್ಳಬಹುದು. ಅಂಥ ದಿನ ಹಡಗಿನ ಮಧ್ಯಭಾಗದಲ್ಲಿ, ಸಾಧ್ಯವಾದಷ್ಟು ಕೆಳಗಿನ ಅಂತಸ್ತಿನಲ್ಲಿ ಕೂರಿ. ಮಾತ್ರೆ ತೆಗೆದುಕೊಳ್ಳುವವರು ಹತ್ತುವ ಅರ್ಧ ಗಂಟೆಗೆ ಮುಂಚೆಯೇ ತೆಗೆದುಕೊಳ್ಳಬೇಕು, ಹೊಟ್ಟೆ ಕಲಸಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ.

ಗಾಳಿ ಮಿತಿ ಮೀರಿದರೆ ಬಂದರು ಅಧಿಕಾರಿಗಳೇ ಹಡಗು ಬಿಡುವುದಿಲ್ಲ. ವೇಗದ ಹಡಗುಗಳಿಗೆ ತಡೆ ಮೊದಲು ಬೀಳುತ್ತದೆ. ದೊಡ್ಡವು ಸಾಮಾನ್ಯವಾಗಿ ಅಂಕಿ 8 ಮುಟ್ಟಿದಾಗ ನಿಲ್ಲುತ್ತವೆ. ಈ ಬಿಗಿಗೆ ಕಾರಣವಿದೆ. 2000ದ ಸೆಪ್ಟೆಂಬರ್ 26ರ ರಾತ್ರಿ, ಬಿರುಗಾಳಿಯಲ್ಲಿ ಎಕ್ಸ್‌ಪ್ರೆಸ್ ಸಮಿನಾ ಎಂಬ ಫೆರ್ರಿ ಪಾರೋಸ್ ಬಂದರಿನ ಹೊರಗಿನ ಬಂಡೆಗೆ ಬಡಿದು ಮುಳುಗಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಗ್ರೀಸಿನಲ್ಲಿ ಫೆರ್ರಿ ಸುರಕ್ಷತೆಯ ನಿಯಮಗಳು ಗಟ್ಟಿಯಾದವು. ಹಡಗು ರದ್ದಾಯಿತೆಂದು ಕೌಂಟರಿನಲ್ಲಿ ಕೂಗಾಡುವವರನ್ನು ನೋಡಿದಾಗ ನನಗೆ ಪಾರೋಸ್ ನೆನಪಾಗುತ್ತದೆ.

ಪಿರೇಯಸ್ಸೋ ರಾಫಿನಾವೋ

ಅಥೆನ್ಸ್ ನಗರದಲ್ಲಿ ಉಳಿದುಕೊಂಡವರಿಗೆ ಪಿರೇಯಸ್, ಎರಡು ಮಾತಿಲ್ಲ. ಹಸಿರು ಬಣ್ಣದ 1ನೇ ಮೆಟ್ರೊ ಮಾರ್ಗ ಮೊದಲಿನಿಂದಲೂ ಇತ್ತು. 2022ರ ಅಕ್ಟೋಬರ್‌ನಲ್ಲಿ 3ನೇ ಮಾರ್ಗವೂ ಬಂದರಿಗೆ ತಲುಪಿದ ಮೇಲೆ ವಿಮಾನ ನಿಲ್ದಾಣದಿಂದ ಒಂದೇ ರೈಲಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಬರಬಹುದು. ಎಕ್ಸ್96 ಬಸ್ಸು ವಿಮಾನ ನಿಲ್ದಾಣಕ್ಕೂ ಬಂದರಿಗೂ ನಡುವೆ ಹಗಲೂ ರಾತ್ರಿ ಓಡುತ್ತದೆ. ಬಂದರು ಬಹಳ ದೊಡ್ಡದು, ಇ1ರಿಂದ ಇ12ರವರೆಗೆ ಗೇಟುಗಳು ದಡದುದ್ದಕ್ಕೂ ಹರಡಿವೆ. ಸಿಕ್ಲಡೀಸ್‌ನ ದೊಡ್ಡ ಹಡಗುಗಳು ಹೆಚ್ಚಾಗಿ ಹೊರಡುವ ಇ7 ಮೆಟ್ರೊ ಎದುರೇ ಇದೆ. ಇ1 ಗೇಟು ಬಂದರಿನ ಇನ್ನೊಂದು ತುದಿ, ಲಗೇಜು ಎಳೆದುಕೊಂಡು ನಡೆಯುವಷ್ಟು ಹತ್ತಿರವಲ್ಲ. ಹಿಂದಿನ ದಿನವೇ ಟಿಕೆಟ್ಟಿನಲ್ಲಿ ಗೇಟು ನೋಡಿಕೊಂಡು, ಮುಕ್ಕಾಲು ಗಂಟೆ ಮೊದಲು ಅಲ್ಲಿರಿ.

ರಾಫಿನಾ ಅಥೆನ್ಸ್‌ನ ಪೂರ್ವಕ್ಕೆ ಮೂವತ್ತು ಕಿಲೋಮೀಟರ್ ದೂರದ ಚಿಕ್ಕ ಬಂದರು. ವಿಮಾನ ನಿಲ್ದಾಣಕ್ಕೆ ಹತ್ತಿರ, ಅಲ್ಲಿಂದ ನೇರ ಬಸ್ಸೂ ಇದೆ. ಬೆಳಗಿನ ಜಾವ ವಿಮಾನ ಇಳಿದು ನಗರ ನೋಡದೆ ಸೀದಾ ದ್ವೀಪಕ್ಕೆ ಹೋಗುವವರಿಗೆ ಇದು ಅನುಕೂಲ. ಬಂದರಿನೊಳಗೆ ಗೊಂದಲವೂ ಕಡಿಮೆ. ಆದರೆ ಇಲ್ಲಿಂದ ಸ್ಯಾಂಟೊರಿನಿಗೆ ಹೊರಡುವುದು ಬೇಸಿಗೆಯ ವೇಗದ ಹಡಗುಗಳು. ಅವು ಹೆಚ್ಚಾಗಿ ಟಿನೋಸ್, ಮೈಕೊನೊಸ್ ಕಡೆಯಿಂದ ಸುತ್ತಿಕೊಂಡು ಹೋಗುತ್ತವೆ. ಮೆಲ್ತೆಮಿಯ ಪೂರ್ತಿ ಏಟು ತಿನ್ನುವುದು ಆ ಕಡೆಯ ಸಮುದ್ರವೇ. ಗಾಳಿ ಜೋರಿರುವ ವಾರವಾದರೆ ವಿಮಾನ ನಿಲ್ದಾಣದಿಂದ ಒಂದು ಗಂಟೆ ಪ್ರಯಾಣ ಮಾಡಿಯಾದರೂ ಪಿರೇಯಸ್‌ಗೇ ಹೋಗಿ.

ಇಳಿಯುವಾಗ

ಹಡಗು ನಿಲ್ಲುವುದು ಅಥಿನಿಯೊಸ್‌ನಲ್ಲಿ, ಬಂಡೆಯ ಬುಡದ ಕಿರಿದಾದ ಕಟ್ಟೆಯಲ್ಲಿ. ಇಳಿಯಲು ಇಪ್ಪತ್ತು ನಿಮಿಷ ಇರುವಾಗ ಮೈಕಿನಲ್ಲಿ ಕೂಗುತ್ತಾರೆ, ಎಲ್ಲರೂ ಲಾರಿಗಳಿರುವ ಕೆಳಗಿನ ಗ್ಯಾರೇಜಿಗೆ ಇಳಿಯಬೇಕು. ಹತ್ತುವಾಗ ಸೂಟ್‌ಕೇಸನ್ನು ಅಲ್ಲಿನ ಚರಣಿಗೆಗಳಲ್ಲಿ ಇಟ್ಟಿರುತ್ತೀರಿ. ಪ್ರತಿ ಚರಣಿಗೆಯ ಮೇಲೆ ದ್ವೀಪದ ಹೆಸರಿರುತ್ತದೆ, ಥಿರಾ ಎಂದಿರುವಲ್ಲೇ ಇಡಿ. ಇಲ್ಲದಿದ್ದರೆ ನಾಕ್ಸೊಸ್‌ನಲ್ಲಿ ಇಳಿಯುವವರ ಕೈಗೆ ಸಿಕ್ಕೀತು. ಪಾಸ್‌ಪೋರ್ಟು, ಹಣ, ಔಷಧಿ ಜೊತೆಯಲ್ಲೇ ಇರಲಿ. ಡೀಸೆಲ್ ವಾಸನೆ, ಎಂಜಿನ್ನುಗಳ ಗುಡುಗು, ನೂರಾರು ಜನ ಬ್ಯಾಗು ಹಿಡಿದು ಒತ್ತಿಕೊಂಡು ನಿಂತಿರುವ ಹೊತ್ತು ಅದು. ಹಡಗು ಹಿಮ್ಮುಖವಾಗಿ ಕಟ್ಟೆಗೆ ಬರುತ್ತಿರುವಾಗಲೇ ಹಿಂಬಾಗಿಲು ಸರಪಳಿಯ ಸದ್ದಿನೊಂದಿಗೆ ಕೆಳಗಿಳಿಯತೊಡಗುತ್ತದೆ, ಕತ್ತಲ ಗ್ಯಾರೇಜಿನೊಳಕ್ಕೆ ಬೆಳಕು ಒಮ್ಮೆಗೇ ನುಗ್ಗುತ್ತದೆ. ಚಿಕ್ಕ ಮಕ್ಕಳ ಕೈ ಗಟ್ಟಿಯಾಗಿ ಹಿಡಿದಿರಿ. ಗಾಲಿಕುರ್ಚಿಯವರು, ನಡೆಯಲು ಕಷ್ಟವಿರುವವರು ಟಿಕೆಟ್ ಮಾಡುವಾಗಲೇ ತಿಳಿಸಿದರೆ ಹಡಗಿನವರು ನೆರವಿನ ವ್ಯವಸ್ಥೆ ಮಾಡುತ್ತಾರೆ.

ಕಟ್ಟೆಯಿಂದ ಮೇಲಕ್ಕೆ ಹಾವಿನಂತೆ ಸುತ್ತುವ ಒಂದೇ ರಸ್ತೆ. ದ್ವೀಪದ ಸಾರ್ವಜನಿಕ ಸಾರಿಗೆಯಾದ ಕೆಟೆಲ್ ಬಸ್ಸುಗಳು ಹಡಗಿನ ಹೊತ್ತಿಗೆ ಬಂದು ನಿಂತಿರುತ್ತವೆ, ದ್ವೀಪದ ಮುಖ್ಯ ಊರು ಫಿರಾಕ್ಕೆ ಒಯ್ದು ಬಿಡುತ್ತವೆ. ರಾತ್ರಿ ತಡವಾಗಿ ಇಳಿಯುವವರು ಹೋಟೆಲಿನವರಿಗೆ ಹೇಳಿ ಗಾಡಿ ಗೊತ್ತು ಮಾಡಿಕೊಳ್ಳಿ. ಅಂದಹಾಗೆ, ಫೋಟೋಗಳಲ್ಲಿ ಕಾಣುವ ಕೇಬಲ್ ಕಾರು, ಆರುನೂರರ ಹತ್ತಿರದ ಮೆಟ್ಟಿಲುಗಳು ಫಿರಾದ ಕೆಳಗಿನ ಹಳೆ ಬಂದರಿಗೆ ಸೇರಿದವು. ಅಲ್ಲಿಗೆ ಬರುವುದು ಕ್ರೂಸ್ ಹಡಗಿನವರು. ಫೆರ್ರಿಯವರಿಗೆ ಅವು ದಾರಿಯಲ್ಲಿ ಸಿಗುವುದಿಲ್ಲ.

ವಾಪಸು, ಮತ್ತು ವಿಮಾನದ ವಿಚಾರ

ಮಧ್ಯಾಹ್ನ ಸ್ಯಾಂಟೊರಿನಿ ಬಿಡುವ ದೊಡ್ಡ ಹಡಗು ಪಿರೇಯಸ್ ಸೇರುವುದು ರಾತ್ರಿ ಹನ್ನೊಂದರ ಸುಮಾರಿಗೆ. ತಡವಾದರೆ ಮೆಟ್ರೊ ತಪ್ಪಬಹುದು, ಎಕ್ಸ್96 ಬಸ್ಸು ಅಥವಾ ಟ್ಯಾಕ್ಸಿಯೇ ಗತಿ. ಕುಳಿಯನ್ನು ಬರುವಾಗಲೇ ನೋಡಿಯಾಗಿರುವುದರಿಂದ, ಗಾಳಿ ಸುಮ್ಮನಿದ್ದರೆ ವೇಗದ ಹಡಗಿಗೆ ದುಡ್ಡು ಕೊಡಲು ಇದೇ ಸರಿಯಾದ ಸಮಯ. ಆದರೆ ಯಾವ ಹಡಗೇ ಆಗಲಿ, ಅದೇ ದಿನ ಊರಿಗೆ ಮರಳುವ ವಿಮಾನ ಇಟ್ಟುಕೊಳ್ಳಬೇಡಿ. ಕೊನೆಯ ರಾತ್ರಿ ಅಥೆನ್ಸ್‌ನಲ್ಲೇ ಕಳೆಯಿರಿ. ಅದು ಸಾಧ್ಯವೇ ಇಲ್ಲವೆಂದಾದರೆ ದ್ವೀಪದಿಂದ ಅಥೆನ್ಸ್‌ಗೆ ವಿಮಾನದಲ್ಲಿ ಬನ್ನಿ, ಮುಕ್ಕಾಲು ಗಂಟೆಯ ಹಾರಾಟ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿದ್ದರೆ ಮೊದಲನೆಯದು ತಡವಾದರೂ ಮುಂದಿನದಕ್ಕೆ ಕಂಪನಿಯದೇ ಹೊಣೆ.

ಟಿಕೆಟ್ ಯಾವಾಗ ಮಾಡಿಸಬೇಕು ಎಂದರೆ, ಗ್ರೀಕ್ ಈಸ್ಟರ್ ವಾರಕ್ಕೂ ಆಗಸ್ಟ್ 15ರ ಮೇರಿ ಮಾತೆಯ ಹಬ್ಬದ ಆಚೀಚೆಗೂ ತಿಂಗಳುಗಳ ಮುಂಚೆ. ಆಗ ಗ್ರೀಕರೇ ಊರಿಗೆ ಹೊರಟಿರುತ್ತಾರೆ. ಕ್ಯಾಬಿನ್ನು, ಕಾರಿನ ಜಾಗ ಮೊದಲು ಮುಗಿಯುತ್ತದೆ. ಬಾಡಿಗೆ ಕಾರನ್ನು ಹಡಗಿಗೆ ಹತ್ತಿಸಲು ಬಹಳಷ್ಟು ಕಂಪನಿಗಳು ಬಿಡುವುದಿಲ್ಲ, ಮೊದಲೇ ಕೇಳಿ. ಹಡಗಿನ ಕಾರ್ಮಿಕರ ಮುಷ್ಕರ ಆದರೆ ಇಡೀ ದಿನ ಎಲ್ಲ ಫೆರ್ರಿಗಳೂ ನಿಲ್ಲುತ್ತವೆ. ಅದನ್ನು ಸಾಮಾನ್ಯವಾಗಿ ಮೊದಲೇ ಘೋಷಿಸಿರುತ್ತಾರೆ, ಆ ವಾರದ ಸುದ್ದಿಯ ಮೇಲೆ ಕಣ್ಣಿರಲಿ.

ಹಡಗು ತಡವಾದರೆ ನಿಮಗಿರುವ ಹಕ್ಕು ಯುರೋಪಿಯನ್ ಒಕ್ಕೂಟದ 2010ರ 1177ನೇ ನಿಯಮದಲ್ಲಿದೆ. ಹಡಗು ರದ್ದಾದರೆ, ಅಥವಾ ಹೊರಡುವುದು ಒಂದೂವರೆ ಗಂಟೆಗಿಂತ ತಡವಾಗುವಂತಿದ್ದರೆ, ಬೇರೆ ಹಡಗು ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಕೇಳಬಹುದು. ನಾಲ್ಕರಿಂದ ಎಂಟು ಗಂಟೆಯ ಪ್ರಯಾಣದಲ್ಲಿ ಮುಟ್ಟುವುದು ಎರಡು ಗಂಟೆ ತಡವಾದರೆ ಟಿಕೆಟ್ ದರದ ಕಾಲು ಭಾಗ ಪರಿಹಾರ, ನಾಲ್ಕು ಗಂಟೆ ದಾಟಿದರೆ ಅರ್ಧ. ಆದರೆ ಹವಾಮಾನದ ಕಾರಣಕ್ಕೆ ತಡವಾದರೆ ಈ ಪರಿಹಾರ ಇಲ್ಲ, ಹಣ ವಾಪಸು ಅಥವಾ ಬೇರೆ ಹಡಗು ಕೇಳುವ ಹಕ್ಕು ಉಳಿಯುತ್ತದೆ. ಬೇರೆ ಹಡಗು ಕೇಳುವಾಗ ಆ ದಿನ ಸಂಜೆಯ ದೊಡ್ಡ ಹಡಗಿನಲ್ಲಿ ಜಾಗ ಇದೆಯೇ ಎಂದು ಮೊದಲು ವಿಚಾರಿಸಿ. ಗಾಳಿ ಇಳಿಯತೊಡಗಿದಾಗ ಬೇಗ ಹೊರಡಲು ಅನುಮತಿ ಸಿಗುವುದು ಅದಕ್ಕೇ.